ಕತ್ತರಿಸಿದ ನುಡಿ

ನಿನ್ನೆ ಪಕ್ಕದ ಮನೆಯಲ್ಲಿ ಪಂಚಮಿಗೆ ಅಳ್ಳು ಹುರಿದರು. ಜೋಳ ಸಿಡಿಯುವ ವಾಸನೆ ಗೋಡೆ ದಾಟಿ ಬಂದದ್ದೇ ತಡ, ಗೋಡೆಯ ಮಾಡದೊಳಗೆ ಇಟ್ಟಿದ್ದ ಕ್ಯಾಸೆಟ್ ತೆಗೆದೆ. ಅದರಲ್ಲಿ ನನ್ನ ತಂಗಿಯ ಬೀಸುವ ಪದವಿದೆ.

ಎಂಬತ್ತರ ದಶಕದ ಮಾತು. ಹುಬ್ಬಳ್ಳಿಯಲ್ಲಿ ಕ್ಯಾಸೆಟ್ ಮಾಡಿಸುವವರೊಬ್ಬರು ನಮ್ಮ ಕುಬಿಹಾಳಕ್ಕೆ ಮದುವೆಗೆಂದು ಬಂದವರು ಅವಳ ಹಾಡು ಕೇಳಿದ್ದರು. ಅವರನ್ನು ನಾವು ಸಾಹುಕಾರ್ರು ಎನ್ನುತ್ತಿದ್ದೆವು. ಅವರಿಗೆ ಹಾಡಲೂ ಬರುತ್ತಿರಲಿಲ್ಲ, ಹಾರ್ಮೋನಿಯಂ ಪೇಟಿ ಬಾರಿಸಲೂ ಬರುತ್ತಿರಲಿಲ್ಲ. ಯಾರು ಹಾಡಬೇಕು, ಯಾವುದು ಉಳಿಯಬೇಕು, ಅದನ್ನು ಹೇಳುವುದೇ ಅವರ ಕೆಲಸ. ಇದಕ್ಕೂ ಒಬ್ಬ ಮನುಷ್ಯ ಬೇಕೇ ಎಂದು ನಾನು ನಕ್ಕಿದ್ದೆ...

ತಂಗಿಯನ್ನು ಅಣ್ಣಿಗೇರಿಗೆ ಕೊಟ್ಟಿತ್ತು. ಸಾಹುಕಾರ್ರು ಹಾಡಲು ಕರೆಸಿದಾಗ ಅವಳು ಅಲ್ಲಿಂದ ಹುಬ್ಬಳ್ಳಿಗೆ ಬಂದಳು, ನಾನು ಊರಿಂದ ಹೋದೆ. ಹೊರಗಿನ ಸದ್ದು ಬರದಂತೆ ಗೋಡೆಗೆಲ್ಲ ಕೌದಿ ಇಳಿಬಿಟ್ಟ ಕೋಣೆ.

"ನೀನೂ ಹಾಡಾಂವೇನೋ?" ಎಂದು ಸಾಹುಕಾರ್ರು ನನ್ನನ್ನು ಕೇಳಿದರು.

"ಇಲ್ರಿ. ಅಕಿ ಅಣ್ಣ."

"ಹಂಗಾರ ಮೂಲ್ಯಾಗ ಕೂಡು. ಉಸುರೂ ಸಣ್ಣಗ ಬಿಡು."

ಮೈಕಿನ ಮುಂದೆ ತಂಗಿಗೆ ದನಿಯೇ ಏಳಲಿಲ್ಲ. "ಕೈಯಾಗ ಕಲ್ಲಿಲ್ದ ಪದ ಬರೂದಿಲ್ರಿ" ಎಂದಳು. ಸಾಹುಕಾರ್ರು ಯಾರದೋ ಮನೆಯಿಂದ ಬೀಸುಕಲ್ಲು ಹೊರಿಸಿ ತಂದರು. ಕಲ್ಲಿನ ಗರಗರ ಕೇಳಿಸುತ್ತದೆಂದು ಪೇಟಿಯವನು ಗೊಣಗಿದ. "ಕೇಳ್ಲಿ ಬಿಡೋ, ಅದ ಅಕಿ ತಬಲಾ" ಎಂದರು.

ಜೋಳ ಬೀಳುತ್ತಲೇ ಪದ ಬಂತು. ಕೊನೆಗೆ, ನಾನು ಎಂದೂ ಕೇಳದ ನುಡಿಯೊಂದನ್ನು ಹಾಡಿದಳು.

ಬಂಡಿ ಸಪ್ಪಳ ಕೇಳಿ ಬಾಗಿಲಕ ಓಡಿದೆನ
ಗೆಜ್ಜಿ ನಮ್ಮೆತ್ತಿನದು ಅಲ್ಲವ್ವ, ಪಂಚಮಿಗಿ
ಅಣ್ಣ ಬರಲಿಲ್ಲ ಕರಿಯಾಕ

ಆ ವರ್ಷ ಪಂಚಮಿಗೆ ಅವಳನ್ನು ತವರಿಗೆ ಕರೆತರಲು ನಾನು ಹೋಗಿರಲಿಲ್ಲ. ಅವಳ ಗಂಡ ನನ್ನ ಎತ್ತು ಬಡಕಲೆಂದು ಹೆಸರಿಟ್ಟಿದ್ದ, ಅದಕ್ಕೆ ಮುನಿಸು. ಅಷ್ಟೇ.

ಸಾಹುಕಾರ್ರು ಟೇಪು ನಿಲ್ಲಿಸಿದರು. ಆಮೇಲೆ, "ಇಡೀ ಪದದ ಜೀವ ಇದರಾಗ ಐತಿ" ಎಂದರು.

"ಅದನ್ನ ತಗೀರಿ" ಎಂದೆ. "ಊರಾಗ ಮಂದಿ ನನ್ನ ಮುಖಕ್ಕ ಉಗುಳ್ತಾರ."

ಅವರು ತಂಗಿಯ ಕಡೆ ನೋಡಿದರು. ಅವಳು ಕಲ್ಲಿನ ಸುತ್ತ ಬಿದ್ದ ಹಿಟ್ಟನ್ನು ಬಳಿಯುತ್ತಿದ್ದಳು. "ಅಣ್ಣ ಬ್ಯಾಡಂದ್ರ ಬ್ಯಾಡ ಬಿಡ್ರಿ."

ಸಾಹುಕಾರ್ರು ಬ್ಲೇಡಿನಿಂದ ಟೇಪು ಕತ್ತರಿಸಿ ಅಂಟಿಸಿದರು. ನನ್ನ ಮುಖ ನೋಡದೆ, "ನುಡಿ ತಗದೀನಿ. ಉಸುರು ಬಿಟ್ಟೀನಿ" ಎಂದರು. ಅದರ ಅರ್ಥ ನನಗೆ ಆಗ ತಿಳಿಯಲಿಲ್ಲ.

ಮರುವರ್ಷ ಬಂಡಿ ಹೂಡಿಕೊಂಡು ನಾನೇ ಹೋಗಿ ಕರೆತಂದೆ. ಜೋಕಾಲಿ ಕಟ್ಟಿದೆ, ಆಡಿದಳು. ಹಾಡವ್ವಾ ಎಂದೆ. "ಯಾಕೋ ಗಂಟಲಾ ಕಟ್ಟೇತಿ ಅಣ್ಣಾ" ಎಂದು ನಕ್ಕಳು. ಮುಂದೆ ಎಷ್ಟೋ ಪಂಚಮಿ ಬಂದವು... ನನ್ನ ಮುಂದೆ ಅವಳು ಮತ್ತೆ ಬಾಯಿ ತೆರೆದು ಹಾಡಲೇ ಇಲ್ಲ.

ಈಗ ಅವಳಿಲ್ಲ. ಸಾಹುಕಾರ್ರೂ ಇಲ್ಲ, ಆ ಪೇಟಿಯವನೂ ಇಲ್ಲ.

ನಿನ್ನೆ ಕ್ಯಾಸೆಟ್ ಹಾಕಿ ಒಬ್ಬನೇ ಕುಳಿತೆ. ಕಲ್ಲು ಗರಗರ ತಿರುಗುತ್ತದೆ. ಪದ ಕೊನೆಗೆ ಬರುತ್ತದೆ. ತಂಗಿ ಒಂದು ದೊಡ್ಡ ಉಸಿರು ಎಳೆದುಕೊಳ್ಳುತ್ತಾಳೆ, ಏನೋ ಹೇಳುವವಳ ಹಾಗೆ. ಅಷ್ಟರಲ್ಲಿ ಪೇಟಿ ಬಾರಿಸಿ ಮುಗಿಸುತ್ತಾರೆ.

ಕೇಳಿದವರಿಗೆ ಅದು ಬರೀ ಉಸಿರು. ಅದರ ಮುಂದಿನ ನುಡಿ ಗೊತ್ತಿರುವವನು ಈಗ ನಾನೊಬ್ಬನೇ.