ಎದುರು ಬಣ್ಣ

ಹೋದ ವಾರ ಕೆಟಲ್‌ನ ತಳಕ್ಕೆ ಕಟ್ಟಿದ್ದ ಬಿಳಿ ಪೊರೆ ತೆಗೆಯಲು ವಿನಿಗರ್ ಕುದಿಸಿದೆ. ಆ ಹುಳಿ ಹಬೆ ಮೂಗಿಗೆ ಬಡಿದದ್ದೇ ತಡ, ಪಂಗಾನಿಯ ನನ್ನ ಅಡುಗೆಮನೆಯಲ್ಲಿ ನಿಂತೇ ಊರಿನ ಇನ್ನೊಂದು ತುದಿಯ ಲೊರೆಶೋದಲ್ಲಿದ್ದ ಆಂಟಿಯ ಹಿತ್ತಿಲ ಜಗಲಿಗೆ ಹೋಗಿಬಿಟ್ಟೆ. ಉಣ್ಣೆಗೆ ಬಣ್ಣ ಹಿಡಿಯಲೆಂದು ಅವರು ಪಾತ್ರೆಗೆ ವಿನಿಗರ್ ಸುರಿಯುತ್ತಿದ್ದರು…

ಆಂಟಿ ಮಂಗಳೂರು ಕಡೆಯ ಕೆಥೊಲಿಕ್ ಹೆಂಗಸು. ಮನೆಯಲ್ಲಿ ಕೊಂಕಣಿ, ನನ್ನೊಡನೆ ಕನ್ನಡ. ಅಂಗೋರಾ ಮೊಲಗಳನ್ನು ಸಾಕಿ, ಅವುಗಳ ಕೂದಲು ಬಾಚಿ, ರಾಟೆಯಲ್ಲಿ ನೂಲು ತೆಗೆಯುತ್ತಿದ್ದರು. ಆ ನೂಲಿನ ಶಾಲುಗಳಿಗೆ ವೆಸ್ಟ್‌ಲ್ಯಾಂಡ್ಸ್‌ನ ಸಿರಿವಂತರು ಮುಗಿಬೀಳುತ್ತಿದ್ದರು. ನೂಲಿಗಿಂತ ಅವರು ಜೋಡಿಸುವ ಬಣ್ಣಗಳಿಗೇ ಹೆಸರು. ಮೈಸೂರಿನಿಂದ ಸಮುದ್ರ ದಾಟಿ ಈ ಪರದೇಶಕ್ಕೆ ಬಂದು, ಯಾರ ಪರಿಚಯವೂ ಇಲ್ಲದೆ ಕೂತಿದ್ದ ನನಗೆ ಅದನ್ನು ಕಲಿಯುವ ಹುಚ್ಚು ಹಿಡಿಯಿತು. ಶನಿವಾರ ಬಂತೆಂದರೆ ಅವರ ಮನೆ ಕಡೆ ಹೋಗುವ ಮಟಾಟು ವ್ಯಾನ್ ಹತ್ತಿಬಿಡುತ್ತಿದ್ದೆ.

ನೂಲುವುದು ಬೇಗ ಬಂತು. ಮೊಲದ ಕೂದಲು ಹತ್ತಿಯ ಹಾಗಲ್ಲ, ಬೆರಳಿಂದ ಜಾರಿಕೊಂಡೇ ಹೋಗುತ್ತದೆ. ಹಿಡಿತ ಸಡಿಲವಿರಬೇಕು, ಹುರಿ ಮಾತ್ರ ಬಿಗಿ. ಆಂಟಿ ಕಣ್ಣು ಮುಚ್ಚಿಕೊಂಡೇ ನೂಲುತ್ತಿದ್ದರು. ಅದೊಂದು ತಪಸ್ಸೆಂದುಕೊಂಡು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಕಷ್ಟವಾದದ್ದು ಬಣ್ಣದ ಪಾಠ. ಒಂದು ಲಡಿಯನ್ನು ನನ್ನ ಮಡಿಲಿಗೆ ಹಾಕಿ, “ಇದು ಯಾವ ಬಣ್ಣ? ಇದರ ಎದುರು ಬಣ್ಣ ಎಂತದು, ಹೇಳು ನೋಡುವ” ಎನ್ನುತ್ತಿದ್ದರು. ಬದನೆಕಾಯಿ ನೇರಳೆ, ಅದಕ್ಕೆ ಅರಿಶಿನ ಎನ್ನುತ್ತಿದ್ದೆ. ಪಕ್ಕಪಕ್ಕ ಇಟ್ಟರೆ ಎರಡೂ ಎದ್ದು ಕಾಣುತ್ತವೆ, ಒಟ್ಟಿಗೆ ಹುರಿ ಮಾಡಿದರೆ ಕೆಸರಿನ ಬಣ್ಣ ಬರುತ್ತದೆ ಎಂದೂ ಹೇಳುತ್ತಿದ್ದೆ. ಎಲ್ಲ ಕೇಳಿಸಿಕೊಂಡು ಅವರು ತಲೆ ಅಲ್ಲಾಡಿಸುವರು. “ನೂಲುವ ಕೈ ಉಂಟು ಮಾರಾಯ್ತಿ ನಿನಗೆ. ಬಣ್ಣದ ಕಣ್ಣಿಲ್ಲ.”

ಪ್ರತಿ ಸಲವೂ ಅದೇ ಮಾತು. ಕೊನೆಗೆ ನಾನೂ ನಂಬಿದೆ. ಸೀರೆಗೆ ರವಿಕೆ ಆರಿಸಲೂ ಗಂಡನನ್ನು ಕೇಳುವ ಗತಿ ಬಂತು. ಅವರೋ, ಎಲ್ಲದಕ್ಕೂ ಬಿಳಿಯೇ ಒಪ್ಪುತ್ತದೆ ಎನ್ನುವ ಮನುಷ್ಯ.

ಆಮೇಲೊಮ್ಮೆ ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಆಂಟಿಯ ಶಾಲುಗಳ ಪ್ರದರ್ಶನ. ಬಾಗಿಲಲ್ಲೇ ತೂಗುಹಾಕಿದ್ದರು, ನೇರಳೆಯ ಪಕ್ಕ ಅರಿಶಿನ. ಒಳಗೆ ನೀಲಿಯ ಪಕ್ಕ ಕಿತ್ತಳೆ. ನಾನು ಹೇಳಿ ಬೈಸಿಕೊಂಡ ಜೋಡಿಗಳೆಲ್ಲ ಗೋಡೆಯುದ್ದಕ್ಕೂ ಇದ್ದವು. ಆಂಟಿ ನನ್ನ ಭುಜ ಹಿಡಿದು ಬಂದವರಿಗೆ ಪರಿಚಯಿಸಿದರು, “ನನ್ನ ಸ್ಟೂಡೆಂಟ್. ಬಣ್ಣ ಇನ್ನೂ ಕಲಿಯಲಿಕ್ಕುಂಟು.”

ನಾನು ಬಾಗಿಲಲ್ಲಿದ್ದ ನೇರಳೆ ಶಾಲಿನ ಬಳಿಗೆ ವಾಪಸು ಹೋದೆ. ಅವರ ಮಗಳು ಚಹಾ ತಂದುಕೊಟ್ಟು ಮೆಲ್ಲಗೆ, “ಥ್ಯಾಂಕ್ ಗಾಡ್ ಮಮ್ಮಿ ಹ್ಯಾಸ್ ಯು. ಶೀ ಕಾಂಟ್ ಸೀ ಕಲರ್ಸ್ ಎನಿಮೋರ್, ನೋ?” ಎಂದಳು. ನನಗೆ ಗೊತ್ತಿದೆ ಎಂದುಕೊಂಡೇ ಹೇಳಿದ್ದಳು. ಕಣ್ಣಿನ ನರ ಸೋತು, ಬಣ್ಣಗಳೆಲ್ಲ ಬೂದಿಯಂತಾಗಿ ವರ್ಷಗಳೇ ಕಳೆದಿದ್ದವಂತೆ.

ಅವರಿಗೆ ಬಣ್ಣ ಕಾಣದ್ದಕ್ಕೆ ನನಗೆ ಸಿಟ್ಟಿಲ್ಲ. ಕಾಣುವುದಿಲ್ಲ, ಸ್ವಲ್ಪ ಹೇಳು ಎಂದಿದ್ದರೆ ಜೀವನಪೂರ್ತಿ ಹೇಳುತ್ತಿದ್ದೆ. ನನ್ನ ಕಣ್ಣನ್ನೇ ಬಳಸಿಕೊಂಡು, ಅದು ನನಗಿಲ್ಲವೆಂದು ನನ್ನನ್ನೇ ನಂಬಿಸಿದರಲ್ಲ… ಅದು ದ್ರೋಹ. ಇವತ್ತಿಗೂ ಹಾಗೇ ಅನಿಸುತ್ತದೆ. ಮತ್ತೆ ನಾನು ಲೊರೆಶೋ ಕಡೆ ತಲೆಹಾಕಲಿಲ್ಲ. ಅವರೂ ಕರೆಯಲಿಲ್ಲ.

ಈ ವರ್ಷ ಅವರು ತೀರಿಕೊಂಡರು. ಮಣ್ಣಾದ ಮೇಲೆ ಮಗಳು ಒಂದು ಪೊಟ್ಟಣ ತಂದುಕೊಟ್ಟು, “ಫಾರ್ ಯು. ಶೀ ಚೋಸ್ ದಿ ಕಲರ್ಸ್ ಹರ್‌ಸೆಲ್ಫ್. ಯಾರನ್ನೂ ಹೆಲ್ಪ್ ಮಾಡ್ಲಿಕ್ಕೆ ಬಿಡಲಿಲ್ಲ” ಎಂದಿದ್ದಳು. ಬಿಚ್ಚುವ ಮನಸ್ಸಾಗದೆ ಅಲಮಾರಿಗೆ ಸೇರಿಸಿದ್ದೆ.

ಹೋದ ವಾರ ಕೆಟಲ್ ತೊಳೆದಿಟ್ಟು ಆ ಪೊಟ್ಟಣ ಬಿಚ್ಚಿದೆ. ಎರಡು ನೂಲಿನ ಉಂಡೆ. ಅಂಥ ನೂಲು ಇನ್ನು ಯಾರೂ ತೆಗೆಯಲಾರರು… ಒಂದು ಇಟ್ಟಿಗೆ ಕೆಂಪು, ಇನ್ನೊಂದು ರಾಣಿ ಪಿಂಕ್. ಕಿಟಕಿಯ ಬೆಳಕಿಗೆ ಹಿಡಿದೆ. ಒಂದಕ್ಕೊಂದು ಚೂರೂ ಹೊಂದುವುದಿಲ್ಲ. ಅದನ್ನು ತಿಳಿಯಲು ಈ ಸಲ ನಾನು ಯಾರನ್ನೂ ಕೇಳಲಿಲ್ಲ. ಅದನ್ನು ಯಾರಿಗೆ ಹೇಳಬೇಕಿತ್ತೋ ಆ ಆಂಟಿ ಮಾತ್ರ ಇರಲಿಲ್ಲ.