ಸ್ಟೀರಿಂಗ್ ಹಿಡಿದಿದ್ದವನು ನಾನು

ತೂಕಡಿಸಿದ್ದು ನೀವಲ್ಲ ಸುಧಾಕರ್, ನಾನು. ಕೆಂಟ್ ಕರಾವಳಿಯಿಂದ ವಾಪಸಾಗುವಾಗ ನಿಮ್ಮ ಕಾರು ರಸ್ತೆ ಬದಿಯ ಕಬ್ಬಿಣದ ತಡೆಗೆ ಉಜ್ಜಿಕೊಂಡು ಹೋಯಿತಲ್ಲ — ಆಗ ಓಡಿಸುತ್ತಿದ್ದವನು ನಾನು. ಎಂಟು ವರ್ಷದಿಂದ ಆ ಕೆಟ್ಟ ಹೆಸರು ನಿಮ್ಮ ತಲೆಯ ಮೇಲಿದೆ. ಕ್ಷಮೆ ಕೇಳುವ ಮುಖ ನನಗಿಲ್ಲ, ಕೇಳುತ್ತಲೂ ಇಲ್ಲ. ನಿಜ ಹೇಳಬೇಕೆಂದರೆ ನಿಮ್ಮ ಮೇಲೆ ನನಗೆ ಈಗಲೂ ಸಿಟ್ಟಿದೆ — ಅದನ್ನೂ ಹೇಳಿಬಿಡುತ್ತೇನೆ.

ಆ ಭಾನುವಾರದ ತಿರುಗಾಟಗಳನ್ನು ಶುರು ಮಾಡಿದ್ದೇ ನೀವು. ಸೌತ್‌ಹಾಲಿನ ಹೋಟೆಲ್ ಅಡುಗೆಮನೆಯಲ್ಲಿ ವಾರವೆಲ್ಲ ಬೇಯುವ ನಿಮಗೆ ಅದೊಂದೇ ರಜೆ. ಟಿಕೆಟ್ಟಿಲ್ಲದ ಸಣ್ಣ ಊರಿನ ಮ್ಯೂಸಿಯಂ, ಪಾರ್ಕಿಂಗ್ ಪುಕ್ಕಟೆ ಇರುವ ಕಾಡು, ಚಳಿಗಾಲಕ್ಕೆ ಹಕ್ಕಿ ಇಳಿಯುವ ಜೌಗು — ಎಲ್ಲಿಂದ ಹುಡುಕಿ ತರುತ್ತಿದ್ದಿರೋ! ಗ್ರೀನ್‌ಫರ್ಡಿನ ನಾಲ್ಕೈದು ಕನ್ನಡ ಕುಟುಂಬಗಳು ಬುತ್ತಿ ಕಟ್ಟಿಕೊಂಡು ನಿಮ್ಮ ಹಿಂದೆ ಹೊರಡುತ್ತಿದ್ದೆವು. ಮಕ್ಕಳಿಗೆಲ್ಲ ನಿಮ್ಮ ಏಳು ಸೀಟಿನ ಹಳೇ ಕಾರೇ ಬೇಕು. ಅಲ್ಲಿ ಚಕ್ಕುಲಿ ಚೂರು ಬಿದ್ದರೆ ಬೈಗುಳವಿಲ್ಲ, ಅವರು ಕೂಗಾಡಿದರೆ ನೀವೂ ಕೂಗುತ್ತೀರಿ. ನನ್ನ ಮಗಳು ಇಂಚರಾ ನಿಮ್ಮ ಮಗಳು ಮಾನಸಿಯ ಕೈ ಬಿಡುತ್ತಿರಲಿಲ್ಲ. ಕ್ಯಾನರಿ ವಾರ್ಫಿನ ದೊಡ್ಡ ಆಫೀಸಿನಲ್ಲಿ ದುಡಿದು ನಾನು ಹೊಸ ಕಾರು ತಂದರೆ, ಅದರಲ್ಲಿ ಕೂರಲು ನನ್ನ ಮಗಳೇ ಒಲ್ಲೆ ಎಂದಳು. ಹೊಟ್ಟೆ ಉರಿಯಿತು. ಹೌದು, ಹೊಟ್ಟೆಕಿಚ್ಚು, ಅದಕ್ಕೆ ಬೇರೆ ಹೆಸರು ಯಾಕೆ?

ಆ ದಿನ ನನ್ನ ಕಾರನ್ನು ಹೆಂಡತಿಗೆ ಕೊಟ್ಟು ಮುಂದೆ ಕಳಿಸಿ, ಹಟಕ್ಕೆ ಬಿದ್ದವನಂತೆ ನಿಮ್ಮ ಕಾರು ಹತ್ತಿದೆ. ದಾರಿಯಲ್ಲಿ ಪೆಟ್ರೋಲಿಗೆ ನಿಲ್ಲಿಸಿದಾಗ, ಹಿಂದೆ ಮಕ್ಕಳೆಲ್ಲ ನಿದ್ದೆಯಲ್ಲಿದ್ದಾಗ, ಕೀ ಕಸಿದುಕೊಂಡೆ. ನಿಮ್ಮ ಕಾರು ಓಡಿಸಲು ನನಗೆ ಇನ್ಶೂರೆನ್ಸ್ ಇಲ್ಲ ಎಂದಿರಿ. "ಸ್ವಲ್ಪ ದೂರ ತಾನೇ, ಬಿಡ್ರಿ" ಅಂದೆ. ಮಧ್ಯಾಹ್ನ ಬಿಸಿಬೇಳೆಬಾತ್ ಗಡದ್ದಾಗಿ ಹೊಡೆದಿದ್ದೆ. ಎದುರಿಗೆ ಇಳಿಬಿಸಿಲು, ಹಿಂದೆ ಮಕ್ಕಳು ಮಲಗಿ ಕಾರೆಲ್ಲ ನಿಶ್ಶಬ್ದ — ಆಮೇಲೆ ಕಿವಿ ಹರಿಯುವ ಸದ್ದು. ಕಣ್ಣು ಬಿಟ್ಟಾಗ ಸ್ಟೀರಿಂಗ್ ಮೇಲೆ ನಿಮ್ಮ ಕೈಯಿತ್ತು. ಪಕ್ಕದ ಸೀಟಿನಿಂದ ಬಾಗಿ ನೀವು ಅದನ್ನು ಎಳೆದು ಹಿಡಿದಿದ್ದಿರಿ.

ಕಾರು ಬದಿಗೆ ನಿಂತಿತು. ನಮ್ಮ ಜೊತೆ ಬೆಂಗಳೂರಿನ ಕನ್ನಡವನ್ನೇ ಆಡುತ್ತಿದ್ದ ನಿಮ್ಮ ಬಾಯಲ್ಲಿ ಆಗ ನಿಮ್ಮೂರಿನ ಕುಂದಾಪ್ರ ಕನ್ನಡ ಬಂತು. "ನೀವ್ ಈಚೆ ಬನಿ ಮಾರಾಯ್ರೆ, ನಾನ್ ಕೂಕಂತೆ." ಪೊಲೀಸರು ಬಂದರೆ ನನಗೆ ತೊಂದರೆಯಾದೀತೆಂದು, ಮಕ್ಕಳು ಕಣ್ಣುಜ್ಜಿಕೊಂಡು ಏಳುವಷ್ಟರಲ್ಲಿ ಜಾಗ ಬದಲಿಸಿದಿರಿ. ಪೊಲೀಸರು ಬರಲಿಲ್ಲ. ಹೆದ್ದಾರಿಯ ಮುಂದಿನ ತಂಗುದಾಣಕ್ಕೆ ನೀವೇ ಓಡಿಸಿಕೊಂಡು ಹೋದಿರಿ; ಅಲ್ಲಿ ಕಾಯುತ್ತಿದ್ದ ತಾಯಂದಿರು ಓಡಿ ಬಂದರು. ನಜ್ಜುಗುಜ್ಜಾದ ಬಾಗಿಲು ನೋಡಿ, ಏನಾಯಿತು ಎಂದು ಕಿರುಚಿದರು.

"ಸುಧಾಕರ್ ತೂಕಡಿಸಿಬಿಟ್ರು," ಅಂದೆ. "ರಾತ್ರಿಯೆಲ್ಲ ಹೋಟೆಲ್ ಕೆಲ್ಸ. ಪಾಪ."

ಆ 'ಪಾಪ' — ಅದನ್ನು ಯಾರೂ ನನ್ನ ಬಾಯಿಂದ ಹೊರಡಿಸಲಿಲ್ಲ, ನಾನೇ ಸೇರಿಸಿದೆ. ನೀವು ನನ್ನತ್ತ ಒಮ್ಮೆ ನೋಡಿ, ಮಾನಸಿಯ ಸ್ವೆಟರಿನ ಗುಂಡಿ ಹಾಕಲು ಕೂತಿರಿ. ಒಂದು ಮಾತು? ಒಂದೇ ಒಂದು ಮಾತು ಆಡಿದ್ದರೆ — ಅಲ್ಲೇ ನನ್ನ ಬಣ್ಣ ಬಯಲಾಗುತ್ತಿತ್ತು. ಯಾಕೆ ಸುಮ್ಮನಿದ್ದಿರಿ? ನಾನೇ ಹೇಳುತ್ತೇನೆಂದು ಕಾದಿರಾ? ಆ ನಂಬಿಕೆಯೇ ನನಗೆ ಸಿಟ್ಟು ತರಿಸುತ್ತದೆ.

ಮುಂದಿನ ಭಾನುವಾರ ಯಾರೂ ಮಕ್ಕಳನ್ನು ನಿಮ್ಮ ಕಾರಿಗೆ ಹತ್ತಿಸಲಿಲ್ಲ. ಹಿಂದಿನ ಸೀಟಿನಲ್ಲಿ ಮಾನಸಿ ಒಬ್ಬಳೇ ಕೂತಿದ್ದಳು. ಅದಾದ ಮೇಲೆ ನೀವು ಬರಲೇ ಇಲ್ಲ. ನಾವು ಮಾತ್ರ ಹೋದೆವು — ನೀವೇ ಹುಡುಕಿಕೊಟ್ಟ ಜಾಗಗಳಿಗೆ, ನಾಚಿಕೆಯಿಲ್ಲದೆ. ಯಾರಾದರೂ ಆಕಳಿಸಿದರೆ "ಸುಧಾಕರ್ ಆಗ್ಬೇಡಪ್ಪಾ" ಎಂದು ತಮಾಷೆ. ನಾನೂ ನಕ್ಕಿದ್ದೇನೆ.

ಈಗ ಇಂಚರಾ ಕಾರು ಕಲಿಯುತ್ತಿದ್ದಾಳೆ. ಹೋದ ತಿಂಗಳು ನಾನು ಪಕ್ಕದಲ್ಲಿ ಕೂತರೆ ಅವಳು ಸ್ಟಾರ್ಟ್ ಮಾಡಲೇ ಇಲ್ಲ. "ಡ್ಯಾಡ್, ಐ ವಾಸ್ ಅವೇಕ್," ಅಂದಳು. ಯಾವತ್ತು ಎಂದು ಕೇಳುವ ಅಗತ್ಯ ನನಗಿರಲಿಲ್ಲ. ಎಂಟು ವರ್ಷದ ಹಿಂದೆಯೇ ಮಾನಸಿ ಸ್ಕೂಲಿನಲ್ಲಿ ಅವಳನ್ನು ಕೇಳಿದ್ದಳಂತೆ, ನಮ್ಮಪ್ಪ ನಿಜವಾಗಿಯೂ ನಿದ್ದೆ ಹೋಗಿದ್ದರಾ ಎಂದು. ನಾನು ಮಲಗಿದ್ದೆ, ಗೊತ್ತಿಲ್ಲ ಎಂದಳಂತೆ ಇಂಚರಾ. "ಐ ಲೈಡ್ ಫಾರ್ ಯೂ." ಒಂಬತ್ತು ವರ್ಷದ ಕೂಸು! ಅವಳ ಗೆಳತಿಯನ್ನೂ ನಾನೇ ಕಿತ್ತುಕೊಂಡೆ.

ನಿನ್ನೆ ಭಾನುವಾರ, ಕಾರುಗಳು ಹೊರಡುವ ಮೊದಲು, ಎಲ್ಲರನ್ನೂ ನಿಲ್ಲಿಸಿ ಹೇಳಿದೆ. ಓಡಿಸಿದ್ದು ನಾನು, ಸುಳ್ಳು ಹೇಳಿದ್ದೂ ನಾನು. ಆಮೇಲೆ ಒಬ್ಬರು, "ಅಯ್ಯೋ ಬಿಡಿ ಸಾರ್, ಎಷ್ಟ್ ವರ್ಷದ್ ಮಾತು! ಅವ್ರೂ ಹೋಟೆಲ್ ಕೆಲ್ಸದೋರು, ಯಾವತ್ತಾದ್ರೂ ನಿದ್ದೆ ಹೋಗಿರ್ತಿದ್ರು," ಎಂದು ಕಾರಿನ ಬಾಗಿಲು ಎಳೆದುಕೊಂಡರು. ಥೂ! ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಆದರೆ ಆ ಮಾತನ್ನು ಅವರ ಬಾಯಿಗೆ ತುರುಕಿದವನು ನಾನೇ. ಅವರು ಹೋದರು. ನಾನು ಹೋಗಲಿಲ್ಲ.

ಬರುವ ಭಾನುವಾರವೂ ಅಲ್ಲೇ ನಿಂತು ಹೇಳುತ್ತೇನೆ, ಅದರ ಮುಂದಿನ ವಾರವೂ — ಅವರು ನನ್ನನ್ನು ಗುಂಪಿನಿಂದ ಅಟ್ಟುವವರೆಗೆ. ನೀವು ಬರಬೇಡಿ, ನನಗೆ ಉತ್ತರ ಬರೆಯಬೇಡಿ. ಆದರೆ ಮಾನಸಿಗೆ ಕನ್ನಡ ಓದಲು ಬರುವುದಿಲ್ಲ. ಸುಮ್ಮನಿರುವುದನ್ನು ಇದೊಂದು ಸಲ ಬಿಟ್ಟು, ಅವಳಿಗೆ ಇದನ್ನು ಬಾಯಿಬಿಟ್ಟು ಓದಿ ಹೇಳಿ: ಆ ಸಂಜೆ ಅವಳ ಅಪ್ಪ ಎಚ್ಚರವಾಗಿದ್ದರು. ಅದಕ್ಕೇ ಅವಳು ಬದುಕಿದ್ದಾಳೆ. ನನ್ನ ಮಗಳೂ.