ತುರಾಝೆ ಎಂಬ ಮಾತು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳನ್ನು ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಬಿಸಿ ರೋಲರಿನ ಮುಂದೆ ನಿಂತವಳು. ಊಟವಾದ ಮೇಲೆ ಐದು ಜನ ಹೆಂಗಸರು ಚಾದರ ಮಡಚುತ್ತಾ ಮಾತಿನ ಸರಪಳಿ ಆಡುತ್ತಿದ್ದರು. ಒಬ್ಬಳ ಮಾತಿನ ಕೊನೆಯ ಅಕ್ಷರದಿಂದ ಮುಂದಿನವಳು ಇನ್ನೊಂದು ಮಾತು ಹೇಳಬೇಕು. ಸೋತವಳ ಪಾಲಿಗೆ ಆಪರೇಷನ್ ಕೋಣೆಯ ರಕ್ತದ ಬಟ್ಟೆಗಂಟು ಬಿಚ್ಚಿ ವಿಂಗಡಿಸುವ ಕೆಲಸ.

ಇಸ್ತ್ರಿ ಅಕ್ಕ ಆ ಗಂಟು ಮುಟ್ಟಿದ್ದೇ ಕಡಿಮೆ. ಅವಳ ಅಪ್ಪ ಕೋರ್ಟಿನ ಎದುರು ಕೂತು ಅರ್ಜಿ ಬರೆಯುತ್ತಿದ್ದವನು. ಎಲ್ಲೆಲ್ಲಿಂದಲೋ ಬಂದು ಕಾಗದಪತ್ರಗಳಲ್ಲಿ ಬೀಡುಬಿಟ್ಟ ಮಾತುಗಳನ್ನು ಸಂಜೆ ಮಕ್ಕಳಿಗೆ ತಂದುಕೊಡುತ್ತಿದ್ದ. ಲಿಫಾಫೆ ಎಂದರೆ ಸಾಕು, ಎದುರಿನವಳ ಬಾಯಿ ಕಟ್ಟುತ್ತಿತ್ತು. ಯಾರೋ ಒಮ್ಮೆ ಫೆಬ್ರವರಿ ಎಂದ ಮೇಲೆ ಅದರ ಹಲ್ಲು ಉದುರಿತು. ಉಳಿದದ್ದು ತುರಾಝೆ. ಅದಕ್ಕೆ ಮಾತ್ರ ಯಾರ ಹತ್ತಿರವೂ ಮದ್ದಿರಲಿಲ್ಲ.

ಹೊಸದಾಗಿ ಸೇರಿದ ಒಗೆಯುವವಳು ಒಂದು ದಿನ ಅದೇ ಮಾತಿಗೆ ಸೋತಳು, ಆದರೆ ಎದ್ದು ಹೋಗಲಿಲ್ಲ.

"ಅಕ್ಕ, ತುರಾಝೆ ಅಂದ್ರೇನು?"

"ಕೋರ್ಟಿನ ಮಾತು ಕಣೇ."

"ಅದ್ಸರಿ. ಕೋರ್ಟಲ್ಲಿ ಅದನ್ನ ಏನ್ಮಾಡ್ತಾರೆ? ಬರೀತಾರಾ, ಕಟ್ತಾರಾ, ತಲೆ ಮೇಲೆ ಇಟ್ಕೋತಾರಾ?"

ಎಲ್ಲರೂ ನಕ್ಕರು. ಇಸ್ತ್ರಿ ಅಕ್ಕನೂ ನಕ್ಕಳು. ಆದರೆ ರೋಲರಿಗೆ ಕೊಡುವಾಗ ಚಾದರದ ಅಂಚು ಎರಡು ಸಲ ತಪ್ಪಿತು. ಇಷ್ಟು ವರ್ಷ ನಾಲಿಗೆಯ ಮೇಲಿದ್ದ ಮಾತು, ಅರ್ಥ ತನಗೆ ಗೊತ್ತಿಲ್ಲ. ಅಪ್ಪನಿಗೆ ಗೊತ್ತಿತ್ತೆ? ಕಾಲು ಹಿಡಿದು ಬೇಡಿದರೂ ಇಲ್ಲದ್ದನ್ನು ಒಂದಕ್ಷರ ಬರೆಯದವನು ಅಪ್ಪ. ಅವನು ಸುಳ್ಳು ಹೇಳಿದ್ದಾನೆಯೇ?

ಕೆಲಸ ಮುಗಿಸಿ ನೇರ ಕೋರ್ಟಿನ ಎದುರಿನ ಓಣಿಗೆ ನಡೆದಳು. ಅಪ್ಪನ ಪಕ್ಕದಲ್ಲೇ ಕೂರುತ್ತಿದ್ದ ಮುದಿ ಟೈಪಿಸ್ಟ್ ಯಂತ್ರಕ್ಕೆ ಮುಸುಕು ಹಾಕುತ್ತಿದ್ದ. ಲಿಫಾಫೆ ಎಂದಾಗ ಮೇಜಿನ ಮೇಲಿನ ಲಕೋಟೆ ಎತ್ತಿ ತೋರಿಸಿದ. ತುರಾಝೆ ಎಂದಾಗ ಇಲ್ಲವೆಂದು ತಲೆಯಾಡಿಸಿದ.

"ಅಂಥಾ ಮಾತು ನನ್ನ ಕೈಯಲ್ಲಿ ಟೈಪಾಗಿದ್ದಿಲ್ಲಮ್ಮ. ನಿಮ್ಮಪ್ಪ ಒಂದಿನ ಕೇಳ್ದ, ಝೆ ಅಂತ ಮುಗಿಯೋದು ಏನಾದ್ರೂ ಇದ್ಯಾ, ಮಗಳು ಮಾತಿನ ಸರಪಳೀಲಿ ಅಣ್ಣಂದಿರ ಹತ್ರ ದಿನಾ ಸೋತು ಊಟ ಬಿಡ್ತಾಳೆ ಅಂತ. ಇಲ್ಲ ಅಂದೆ. ಸುಮ್ನೆ ಹೋದ."

"ಹಾಗಾದ್ರೆ ಅವರೇ ಕಟ್ಟಿದ್ರಾ, ಮಾವ?"

"ನಾ ಹೇಗೆ ಹೇಳ್ಲಿ? ನಂಗೆ ಗೊತ್ತಿಲ್ದಿರೋ ಮಾತು ಸಾವಿರ ಇದಾವೆ."

ದಾರಿಯುದ್ದಕ್ಕೂ ಸಿಟ್ಟು ಮಾಡಬೇಕೋ, ಅಳಬೇಕೋ ತಿಳಿಯಲಿಲ್ಲ. ಬೆಳಿಗ್ಗೆ ದೇವರ ಮುಂದೆ ಕೈಮುಗಿದು ನಿಂತಾಗ ಏನು ಕೇಳಿಕೊಳ್ಳಬೇಕೆಂಬುದೂ ಹೊಳೆಯಲಿಲ್ಲ. ದೀಪ ಹಚ್ಚಿ ಬಂದಳು.

ಮಧ್ಯಾಹ್ನ ಹೊಸಬಳು ಬೇಕೆಂದೇ ಅವಳಿಗಿಂತ ಮೊದಲಿನ ಸರದಿಗೆ ಕೂತಳು. "ಮಾತು," ಎಂದು ಮುಖ ನೋಡಿದಳು.

ತುಟಿ, ತುದಿ, ತುಂಡು, ಎಷ್ಟೋ ಇದ್ದವು. ಒಂದೂ ಬರಲಿಲ್ಲ. ಬಂದ ಒಂದೇ ಮಾತು ಹಲ್ಲಿನ ಹಿಂದೆ ನಿಂತಿತ್ತು, ಬಾಗಿಲು ತುಂಬಿಕೊಂಡು ನಿಂತ ಮನುಷ್ಯನ ಹಾಗೆ. ಉಳಿದವರು ಹತ್ತರವರೆಗೆ ಎಣಿಸಿದರು. ಇಸ್ತ್ರಿ ಅಕ್ಕ ಎದ್ದು ರಬ್ಬರಿನ ಕೈಗವಸು ಹಾಕಿಕೊಂಡಳು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?" ಹೊಸಬಳ ದನಿಯಲ್ಲಿ ಈಗ ಕೀಟಲೆಯಿರಲಿಲ್ಲ.

"ಅದು ಮನೇಲಿ ಆಡೋ ಮಾತು ಕಣೇ," ಎಂದಳು. ಗಂಟಿನ ದಾರ ಬಿಚ್ಚುತ್ತಾ ಬಾಯೊಳಗೇ ಒಮ್ಮೆ ಹೇಳಿಕೊಂಡಳು. ಸುಳ್ಳು ಎನ್ನಿಸಲಿಲ್ಲ. ನಿಜವೆಂದೂ ಅನ್ನಿಸಲಿಲ್ಲ.